ಚರಿತ್ರೆಯ ಗಂಟೆ, ಇಂಗ್ಲಿಷಿನ ಗಂಟೆ

ಚರಿತ್ರೆಯೂ ಭಾಷೆಯೂ ಬೇರೆ ಬೇರೆ ವಿಷಯಗಳೆಂದು ಶಾಲೆಯ ವೇಳಾಪಟ್ಟಿಯು ಸಾರುತ್ತದೆ. ಗಂಟೆ ಬಾರಿಸಿದೊಡನೆ ಮಕ್ಕಳು ಯುದ್ಧ ಸಂಧಿಗಳ ಪುಸ್ತಕವನ್ನು ಮುಚ್ಚಿ ಗದ್ಯ ಪದ್ಯಗಳ ಪುಸ್ತಕವನ್ನು ತೆರೆಯುವರು; ಒಬ್ಬ ಉಪಾಧ್ಯಾಯರು ಹೊರಗೆ ನಡೆದು ಮತ್ತೊಬ್ಬರು ಒಳಗೆ ಬರುವರು. ಹಿಂದಿನ ಕಾಲದ ಅಮೆರಿಕಾ ದೇಶದ ಸಣ್ಣ ಊರುಗಳ ಹೈಸ್ಕೂಲುಗಳಲ್ಲಾದರೋ ಗಂಟೆ ಬಾರಿಸಿದಾಗ ಪುಸ್ತಕವು ಬದಲಾಗುತ್ತಿತ್ತು, ಉಪಾಧ್ಯಾಯರು ಅನೇಕ ವೇಳೆ ಅವರೇ ಇರುತ್ತಿದ್ದರು. ಚರಿತ್ರೆಯನ್ನು ಹೇಳಿದವರೇ ಇಂಗ್ಲಿಷನ್ನೂ ಹೇಳಬೇಕು. ಬೆಳಗ್ಗೆ ಜಾರ್ಜ್ ವಾಷಿಂಗ್ಟನ್ನನ ಸೇನೆಯನ್ನು ನದಿ ದಾಟಿಸಿದವರೇ ಮಧ್ಯಾಹ್ನ ಷೇಕ್ಸ್‌ಪಿಯರನ ಸೀಸರನನ್ನು ಸಭಾಮಂದಿರದಲ್ಲಿ ಕೆಡವಬೇಕು. ನಾವೂ ಕೆಲವು ಕಾಲ ಇಂತಹ ಎರಡು ನೊಗಗಳನ್ನು ಒಟ್ಟಿಗೆ ಹೊತ್ತವರಾದುದರಿಂದ, ಆ ಉಪಾಧ್ಯಾಯರ ವಿಚಾರವನ್ನು ಓದುವಾಗಲೆಲ್ಲ ದೂರದ ನೆಂಟರ ಕ್ಷೇಮಸಮಾಚಾರವನ್ನು ಕೇಳಿದಷ್ಟು ಸಂತೋಷವೂ, ಒಮ್ಮೊಮ್ಮೆ ಅಷ್ಟೇ ವ್ಯಸನವೂ ನಮಗೆ ಉಂಟಾಗುತ್ತದೆ. ಬಡತನದಿಂದಲೂ ಮಿತವ್ಯಯದಿಂದಲೂ ಹುಟ್ಟಿದ ಈ ಜೋಡಿ ಪಾಠದಲ್ಲಿ ಒಂದು ದೊಡ್ಡ ಗುಣವು ಅಡಗಿತ್ತೆಂಬುದು ನಮ್ಮ ಅಭಿಪ್ರಾಯ. ಅದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದೇ ಈ ಬರವಣಿಗೆಯ ಉದ್ದೇಶ.

ಅಮೆರಿಕಾದಲ್ಲಿ ಸಾರ್ವಜನಿಕ ಹೈಸ್ಕೂಲು ಮೊದಲಾದುದು ೧೮೨೧ರಲ್ಲಿ, ಬಾಸ್ಟನ್ ನಗರದಲ್ಲಿ. ಅಲ್ಲಿ ಅದಕ್ಕೂ ಹಿಂದೆ, ೧೬೩೫ರಿಂದ, ಲ್ಯಾಟಿನ್ ಶಾಲೆಯೊಂದು ಇದ್ದೇ ಇತ್ತು. ಅದು ಹುಡುಗರನ್ನು ಕಾಲೇಜಿಗೆ ಸಿದ್ಧಪಡಿಸತಕ್ಕದ್ದು. ಕಾಲೇಜಿಗೆ ಹೋಗದೆ ವ್ಯಾಪಾರವನ್ನೋ ಕಸುಬನ್ನೋ ಹಿಡಿಯುವ ಹುಡುಗರಿಗಾಗಿ ಊರವರು ಹೊಸ ಶಾಲೆಯನ್ನು ತೆರೆದರು. ಆರು ವರ್ಷಗಳ ತರುವಾಯ, ೧೮೨೭ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನವು ಒಂದು ಶಾಸನವನ್ನು ಮಾಡಿತು. ೫೦೦ ಸಂಸಾರಗಳುಳ್ಳ ಪ್ರತಿಯೊಂದು ಊರೂ ತನ್ನ ದೇಶದ ಚರಿತ್ರೆ, ಲೆಕ್ಕಪತ್ರ ಇಡುವ ಕ್ರಮ, ರೇಖಾಗಣಿತ, ಬೀಜಗಣಿತ, ಭೂಮಾಪನ ಇವುಗಳನ್ನು ಕಲಿಸಬಲ್ಲ ಉಪಾಧ್ಯಾಯರೊಬ್ಬರನ್ನು ನೇಮಿಸಿಕೊಳ್ಳಬೇಕೆಂದು ಅದರ ವಿಧಿ. ಇಷ್ಟೆಲ್ಲವನ್ನೂ ಒಬ್ಬರೇ ಕಲಿಸಬಲ್ಲರೆಂದು ಶಾಸನಕರ್ತರು ನಂಬಿದ್ದುದನ್ನು ಕಂಡು ವಾಚಕರು ನಗಬಹುದು; ಉಪಾಧ್ಯಾಯರ ವಿಷಯದಲ್ಲಿ ಲೋಕದ ನಂಬಿಕೆ ಎಂದಿಗೂ ಹೀಗೆಯೇ ಉದಾರವಾಗಿರುತ್ತದೆ, ಸಂಬಳದ ವಿಷಯದಲ್ಲಿ ಮಾತ್ರ ಅದು ಅಷ್ಟು ಉದಾರವಲ್ಲ.

ಊರವರ ತೆರಿಗೆಯ ಹಣದಿಂದ ಹೈಸ್ಕೂಲನ್ನು ನಡೆಸಬಹುದೇ ಎಂಬ ಪ್ರಶ್ನೆಯು ಬಹುಕಾಲ ತೀರಲಿಲ್ಲ. ಓದು ಬರೆಹಗಳನ್ನು ಕಲಿಸುವ ಕೆಳಗಿನ ಶಾಲೆಗಾದರೆ ಸರಿ, ಯಾರೋ ನಾಲ್ಕು ಮಂದಿಯ ಮಕ್ಕಳ ಮೇಲುತರದ ವಿದ್ಯೆಗೆ ಎಲ್ಲರೂ ಏಕೆ ತೆರಬೇಕು? ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನಲ್ಲಿ ಕೆಲವರು ಹೀಗೆಂದು ವ್ಯಾಜ್ಯ ಹೂಡಿದರು. ೧೮೭೪ರಲ್ಲಿ ಆ ಸಂಸ್ಥಾನದ ಮೇಲಿನ ನ್ಯಾಯಸ್ಥಾನವು ಊರಿನ ಪರವಾಗಿ ತೀರ್ಪು ಕೊಟ್ಟಿತು. ತೀರ್ಪನ್ನು ಬರೆದವರು ಥಾಮಸ್ ಕೂಲಿ ಎಂಬ ನ್ಯಾಯಾಧೀಶರು. ಅಲ್ಲಿಂದ ಮುಂದೆ ಇತರ ಊರುಗಳಿಗೂ ಧೈರ್ಯ ಬಂತು. ೧೮೯೦ರ ಲೆಕ್ಕದಲ್ಲಿ ಆ ದೇಶದ ಸಾರ್ವಜನಿಕ ಹೈಸ್ಕೂಲುಗಳು ಸುಮಾರು ೨,೫೦೦. ಅವುಗಳಲ್ಲಿ ಓದುತ್ತಿದ್ದವರು ಸುಮಾರು ೨ ಲಕ್ಷ. ಉಪಾಧ್ಯಾಯರು ಸುಮಾರು ೯,೦೦೦. ಇದನ್ನು ಹಂಚಿ ನೋಡಿದರೆ ಒಂದು ಶಾಲೆಗೆ ೮೦ ಮಂದಿ ವಿದ್ಯಾರ್ಥಿಗಳು, ಮೂರೋ ನಾಲ್ಕೋ ಉಪಾಧ್ಯಾಯರು. ಒಬ್ಬರು ಗಣಿತವನ್ನೂ ವಿಜ್ಞಾನವನ್ನೂ, ಇನ್ನೊಬ್ಬರು ಲ್ಯಾಟಿನ್ನನ್ನೂ ಹಿಡಿದರೆ ಮಿಕ್ಕವರ ಪಾಲಿಗೆ ಚರಿತ್ರೆಯೂ ಇಂಗ್ಲಿಷೂ ಒಟ್ಟಾಗಿ ಬಂದುವೆಂಬುದರಲ್ಲಿ ಆಶ್ಚರ್ಯವಿಲ್ಲ. ಆ ದೇಶದವರಿಗೆ ಇಂಗ್ಲಿಷೆಂದರೆ ನಮಗೆ ಕನ್ನಡವಿದ್ದಂತೆ. ಎಲ್ಲರಿಗೂ ಬರುವುದೆಂಬ ಕಾರಣದಿಂದ ಯಾರು ಬೇಕಾದರೂ ಕಲಿಸಬಹುದೆಂದು ಭಾವಿಸಲ್ಪಟ್ಟ ವಿಷಯ.

ಪಾಠವು ನಡೆಯುತ್ತಿದ್ದ ಕ್ರಮವನ್ನು ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. ‘ಪಾಠ ಒಪ್ಪಿಸುವುದು’ ಎಂಬ ನಮ್ಮ ಮಾತಿನಲ್ಲಿಯೇ ಅದೆಲ್ಲವೂ ಅಡಗಿದೆ. ಪುಸ್ತಕದ ಇಷ್ಟು ಪುಟಗಳನ್ನು ಓದಿಕೊಂಡು ಬರಬೇಕೆಂದು ಹಿಂದಿನ ದಿನ ಗೊತ್ತುಮಾಡುವುದು. ಮರುದಿನ ಹೆಸರು ಕೂಗಿದ ಹುಡುಗನು ಎದ್ದುನಿಂತು ಆ ಪುಟಗಳನ್ನು ಬಾಯಿಂದ ಹಿಂದಿರುಗಿಸುವುದು. ಉಪಾಧ್ಯಾಯರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸರಿ ತಪ್ಪುಗಳನ್ನು ನೋಡುವುದು. ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನ ರೋಮಿಯೆಟ್ ಸ್ಟೀವನ್ಸ್ ಎಂಬ ವಿದುಷಿಯು ಹೈಸ್ಕೂಲುಗಳಲ್ಲಿ ಕುಳಿತು ಉಪಾಧ್ಯಾಯರ ಪ್ರಶ್ನೆಗಳನ್ನು ಎಣಿಸಿ ೧೯೧೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಮಕ್ಕಳಿಗೆ ಒಂದು ದಿನದಲ್ಲಿ ಬೀಳುತ್ತಿದ್ದ ಪ್ರಶ್ನೆಗಳು ಸರಾಸರಿ ೪೦೦ರ ಸಮೀಪ. ಎಂದರೆ ಪಾಠದ ವೇಳೆಯಲ್ಲಿ ಒಂದೊಂದು ನಿಮಿಷಕ್ಕೆ ಎರಡು ಮೂರು. ಅವುಗಳಲ್ಲಿ ಬಹುಪಾಲು ನೆನಪನ್ನು ಮಾತ್ರ ಕೆಣಕತಕ್ಕವು. ಅರ್ಧ ನಿಮಿಷದಲ್ಲಿ ಉತ್ತರ ಹೇಳಬೇಕಾದ ಮಗುವು ಯೋಚಿಸುವುದೆಂದು? ಇಸವಿಯನ್ನು ಹೇಳಬಹುದು, ಹೆಸರನ್ನು ಹೇಳಬಹುದು, ಕಾರಣವನ್ನು ಹೇಳಲಾಗದು. ಇಂತಹ ಜ್ಞಾನಕ್ಕೆ ನಮ್ಮ ಜನರು ಪುಸ್ತಕದ ಬದನೆಕಾಯಿ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಈ ಬದನೆಕಾಯಿಯನ್ನು ಬಿಟ್ಟು ನಿಜವಾದ ಊಟವನ್ನು ಬಡಿಸಬೇಕೆಂದು ಯತ್ನಿಸಿದವರೂ ಅಲ್ಲಿ ಇದ್ದರು. ಮೇರಿ ಷೆಲ್ಡನ್ ಬಾರ್ನ್ಸ್ ಎಂಬ ಉಪಾಧ್ಯಾಯಿನಿಯು ೧೮೮೫ರಲ್ಲಿ ಲೋಕದ ಚರಿತ್ರೆಯನ್ನು ಕುರಿತ ಪಠ್ಯಪುಸ್ತಕವೊಂದನ್ನು ಬರೆದಳು. ಆಕೆಯು ಹಳೆಯ ಕಾಲದವರೇ ಬರೆದಿಟ್ಟ ಲೇಖಗಳು, ಶಾಸನಗಳು, ಪಟ್ಟಿಗಳು, ಚಿತ್ರಗಳು ಇವುಗಳ ತುಣುಕುಗಳನ್ನು ಕೊಟ್ಟು, ಕೆಳಗೆ ಪ್ರಶ್ನೆಗಳನ್ನು ಹಾಕಿದಳು. ಉತ್ತರವು ಪುಸ್ತಕದಲ್ಲಿಲ್ಲ, ಮಗುವೇ ತುಣುಕುಗಳನ್ನು ನೋಡಿ ನೋಡಿ ಕಂಡುಕೊಳ್ಳಬೇಕು. ಇದನ್ನು ಓದಿದಾಗ, ಬೆಂದ ಅನ್ನದ ಬದಲು ಅಕ್ಕಿಯನ್ನೂ ಒಲೆಯನ್ನೂ ಮಕ್ಕಳ ಮುಂದಿಟ್ಟ ತಾಯಿಯ ನೆನಪು ನಮಗಾಯಿತು. ಅಡಿಗೆ ಕೆಲವು ದಿನ ಸೀದೀತು. ಆದರೆ ಕೈಗೆ ಅಡಿಗೆ ಬರುವುದು.

೧೮೯೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ಟರ ಮುಂದಾಳುತನದಲ್ಲಿ ಹತ್ತು ಮಂದಿಯ ಸಮಿತಿಯೊಂದು ಏರ್ಪಟ್ಟು, ಹೈಸ್ಕೂಲುಗಳಲ್ಲಿ ಏನನ್ನು ಹೇಗೆ ಕಲಿಸಬೇಕೆಂಬುದನ್ನು ವಿಚಾರಿಸಿತು. ಚರಿತ್ರೆಯ ವಿಚಾರಕ್ಕೆ ಮ್ಯಾಡಿಸನ್ ನಗರದಲ್ಲಿ ಕೂಡಿದ ಉಪಸಭೆಯಲ್ಲಿ ವುಡ್ರೋ ವಿಲ್ಸನ್ ಎಂಬ ಪ್ರೊಫೆಸರರೂ ಒಬ್ಬರು. ೧೯೧೩ರಲ್ಲಿ ಆ ದೇಶದ ಅಧ್ಯಕ್ಷರಾದವರು ಅವರೇ. ಪುಸ್ತಕದ ಮಾತನ್ನು ಉರುಹೊಡೆಸುವುದನ್ನು ಈ ಸಭೆ ಮೆಚ್ಚಲಿಲ್ಲ. ಅಷ್ಟೇ ಅಲ್ಲದೆ, ಚರಿತ್ರೆಯ ಪಾಠವೂ ಇಂಗ್ಲಿಷಿನ ಪಾಠವೂ ನಿಕಟವಾಗಿ ಹೆಣೆದುಕೊಳ್ಳಬೇಕೆಂದೂ, ಚರಿತ್ರೆಯ ಗ್ರಂಥಗಳನ್ನು ಭಾಷೆಗಾಗಿ ಓದಿಸಿ, ಚರಿತ್ರೆಯ ವಿಷಯಗಳ ಮೇಲೆ ಮಕ್ಕಳಿಂದ ಪ್ರಬಂಧಗಳನ್ನು ಬರೆಸಬೇಕೆಂದೂ ಸೂಚಿಸಿತು. ಸಣ್ಣ ಊರಿನ ಉಪಾಧ್ಯಾಯಿನಿಯು ಗತ್ಯಂತರವಿಲ್ಲದೆ ಮಾಡುತ್ತಿದ್ದ ಕೆಲಸವು ಈಗ ವಿದ್ವಾಂಸರ ಸಮ್ಮತಿಯನ್ನು ಪಡೆಯಿತು.

ಆದರೆ ಪ್ರಬಂಧ ಬರೆಸಬೇಕೆಂದು ಹೇಳುವುದು ಸುಲಭ. ಬರೆದದ್ದನ್ನು ತಿದ್ದುವವರು ಯಾರು? ಕೆಂಪು ಮಸಿಯ ಲೇಖನಿಯನ್ನು ಹಿಡಿದು ರಾತ್ರಿ ದೀಪದ ಮುಂದೆ ಕುಳಿತವರಿಗೆ ಮಾತ್ರ ಇದರ ಮರ್ಮ ತಿಳಿದೀತು. ಹಾರ್ವರ್ಡಿನವರು ೧೮೭೪ರ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನ ಸಣ್ಣ ಪ್ರಬಂಧವೊಂದನ್ನು ಕಡ್ಡಾಯ ಮಾಡಿದರು. ಷೇಕ್ಸ್‌ಪಿಯರನ ಮೂರು ನಾಟಕಗಳನ್ನೂ ಗೋಲ್ಡ್‌ಸ್ಮಿತ್ ಸ್ಕಾಟ್ ಇವರ ಗ್ರಂಥಗಳನ್ನೂ ಹೆಸರಿಸಿ, ಅವುಗಳಿಂದಲೇ ವಿಷಯವನ್ನು ಕೊಡುವೆವೆಂದರು. ಮಿಕ್ಕ ಕಾಲೇಜುಗಳೂ ಅದೇ ದಾರಿಯನ್ನು ಹಿಡಿದುವು. ಅಂದಿನಿಂದ ಹೈಸ್ಕೂಲಿನವರು ಬರೆಸಿದ್ದೂ ಬರೆಸಿದ್ದೇ, ತಿದ್ದಿದ್ದೂ ತಿದ್ದಿದ್ದೇ. ೧೯೧೧ರಲ್ಲಿ ಷಿಕಾಗೋ ನಗರದಲ್ಲಿ ಇಂಗ್ಲಿಷ್ ಉಪಾಧ್ಯಾಯರ ರಾಷ್ಟ್ರೀಯ ಮಂಡಲಿಯು ಸ್ಥಾಪಿತವಾಯಿತು. ಮರುವರ್ಷದ ಜನವರಿಯಲ್ಲಿ ಹೊರಟ ಅವರ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ, ಕಾನ್ಸಾಸ್ ವಿಶ್ವವಿದ್ಯಾನಿಲಯದ ಎಡ್ವಿನ್ ಹಾಪ್ಕಿನ್ಸ್ ಎಂಬುವರು, ಈಗಿನ ಸ್ಥಿತಿಯಲ್ಲಿ ಪ್ರಬಂಧ ರಚನೆಯನ್ನು ಚೆನ್ನಾಗಿ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ತಲೆಬರೆಹವಾಗಿ ಇಟ್ಟು, ಸಾಧ್ಯವಿಲ್ಲವೆಂಬ ಒಂದೇ ಪದದ ಉತ್ತರದಿಂದ ಲೇಖನವನ್ನು ಆರಂಭಿಸಿದರು. ನಮ್ಮದೇ ಒಂದು ಲೆಕ್ಕವನ್ನು ಮಾಡಿ ನೋಡೋಣ. ಐದು ತರಗತಿಗಳು, ತರಗತಿಗೆ ಮೂವತ್ತು ಮಕ್ಕಳು, ವಾರಕ್ಕೊಂದು ಪ್ರಬಂಧ, ಒಂದೊಂದಕ್ಕೆ ಎಂಟು ನಿಮಿಷ. ಒಟ್ಟು ೧,೨೦೦ ನಿಮಿಷಗಳು, ಎಂದರೆ ಇಪ್ಪತ್ತು ಗಂಟೆಗಳು. ಇದು ಶಾಲೆಯ ಬಾಗಿಲು ಹಾಕಿದ ಮೇಲಿನ ಕೆಲಸ. ಚರಿತ್ರೆಯ ಪಾಠಕ್ಕೆ ಓದಿಕೊಳ್ಳುವುದು ಇನ್ನೂ ಬೇರೆ.

ಇಷ್ಟು ಕಷ್ಟದ ನಡುವೆ ಆ ಜೋಡಿ ಪಾಠದ ಗುಣವೇನೆಂದು ವಾಚಕರು ಕೇಳಬಹುದು. ಕಾಲೇಜುಗಳು ಗೊತ್ತುಮಾಡಿದ ಇಂಗ್ಲಿಷ್ ಪಠ್ಯಗಳಲ್ಲಿ ಎಡ್ಮಂಡ್ ಬರ್ಕನು ೧೭೭೫ರ ಮಾರ್ಚಿ ತಿಂಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣವೂ ಒಂದು. ಬರ್ಕನ ಹೆಸರು ಮೈಸೂರಿನವರಿಗೆ ಹೊಸದಲ್ಲ. ೧೭೮೦ರಲ್ಲಿ ಹೈದರಾಲಿಯು ಕರ್ಣಾಟಕ್ ಪ್ರಾಂತದ ಮೇಲೆ ಬಿದ್ದುದನ್ನು ೧೭೮೫ರಲ್ಲಿ ಅದೇ ಸಭೆಯಲ್ಲಿ ರೋಮಾಂಚವಾಗುವಂತೆ ವರ್ಣಿಸಿದವನೂ ಅವನೇ. ಅಮೆರಿಕಾದ ವಸಾಹತುಗಳ ಮೇಲೆ ಬಲಪ್ರಯೋಗ ಮಾಡದೆ ಅವುಗಳೊಡನೆ ರಾಜಿಯಾಗಬೇಕೆಂದು ಅವನು ಆ ಹಿಂದಿನ ಭಾಷಣದಲ್ಲಿ ವಾದಿಸಿದನು. ಸಭೆ ಕೇಳಲಿಲ್ಲ. ಮುಂದಿನ ತಿಂಗಳೇ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಭಾಷೆಯ ಉಪಾಧ್ಯಾಯರು ಮಾತ್ರವೇ ಆಗಿದ್ದವರು ಈ ಭಾಷಣದಲ್ಲಿ ವಾಕ್ಯಗಳ ಕಟ್ಟಡವನ್ನು ತೋರಿಸಿ ನಿಲ್ಲಿಸುವರು. ಚರಿತ್ರೆಯ ಉಪಾಧ್ಯಾಯರು ಮಾತ್ರವೇ ಆಗಿದ್ದವರು ಅದರ ಇಸವಿಯನ್ನು ಹೇಳಿ ಮುಂದೆ ಸಾಗುವರು. ಎರಡನ್ನೂ ಹೇಳುವವರು ಮಾತ್ರ, ಇಷ್ಟು ಒಳ್ಳೆಯ ಮಾತು ಏಕೆ ಸೋತಿತು ಎಂದು ಮಕ್ಕಳನ್ನು ಕೇಳಬಲ್ಲರು. ಆ ಪ್ರಶ್ನೆಗೆ ಅರ್ಧ ನಿಮಿಷದ ಉತ್ತರವಿಲ್ಲ.

ಹಾಗೆಯೇ ಲಿಂಕನ್ನನ ಗೆಟಿಸ್‌ಬರ್ಗ್ ಭಾಷಣ. ೧೮೬೩ರ ನವೆಂಬರ್ ೧೯ರಂದು, ಅಂತರ್ಯುದ್ಧದಲ್ಲಿ ಮಡಿದವರ ಶ್ಮಶಾನಭೂಮಿಯನ್ನು ಪ್ರತಿಷ್ಠೆ ಮಾಡುವ ಸಭೆಯಲ್ಲಿ, ಮೊದಲು ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ವಾಗ್ಮಿಯು ಸುಮಾರು ಎರಡು ಗಂಟೆಗಳ ಕಾಲ ಮಾತನಾಡಿದನು. ಆ ಮೇಲೆ ಲಿಂಕನ್ನನು ಎದ್ದು ಎರಡು ಮೂರು ನಿಮಿಷಗಳಲ್ಲಿ ತನ್ನ ಮಾತನ್ನು ಮುಗಿಸಿದನು. ಅದರ ಪದಗಳು ೨೭೦ರ ಆಸುಪಾಸು. ಮರುದಿನವೇ ಎವರೆಟ್ಟನು ಅಧ್ಯಕ್ಷನಿಗೆ ಕಾಗದ ಬರೆದು, ತಾನು ಎರಡು ಗಂಟೆಗಳಲ್ಲಿ ಮುಟ್ಟಲು ಹವಣಿಸಿದ ತಿರುಳನ್ನು ಆತನು ಎರಡು ನಿಮಿಷಗಳಲ್ಲಿ ಮುಟ್ಟಿದನೆಂದು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡನು. ಅಮೆರಿಕಾದ ಮಕ್ಕಳು ಈ ಭಾಷಣವನ್ನು ಬಾಯಿಪಾಠ ಮಾಡಿದರು. ಬಾಯಿಪಾಠವಾದುದರಿಂದ ಕೆಟ್ಟುದೇನೂ ಇಲ್ಲ. ನಾವು ಅಮರಕೋಶವನ್ನೂ ಮಗ್ಗಿಯನ್ನೂ ಹಾಗೆಯೇ ಕಲಿತೆವು. ಆದರೆ ಬಾಯಿಗೆ ಬಂದ ಮಾತಿನ ಹಿಂದೆ ಎಷ್ಟು ಮಂದಿಯ ಪ್ರಾಣ ಹೋಗಿತ್ತೆಂಬುದನ್ನೂ, ಎಷ್ಟು ಮಂದಿಗೆ ದಾಸ್ಯ ತಪ್ಪಬೇಕಾಗಿತ್ತೆಂಬುದನ್ನೂ ತಿಳಿದು ಹೇಳಿದ ಮಗುವಿನ ಧ್ವನಿಯೇ ಬೇರೆಯಾಗುವುದು. ಮಾತು ಮಿತವಾಗಿದ್ದರೆ ಸಾಲದು, ಅದು ತೂಕದ್ದಾಗಿರಬೇಕು. ಆ ತೂಕವು ನಿಜಸಂಗತಿಯಿಂದ ಬರತಕ್ಕದ್ದು. ಭಾಷೆ ಚರಿತ್ರೆಗಳ ಜೋಡಿ ಪಾಠದಲ್ಲಿ ಅಡಗಿತ್ತೆಂದು ನಾವು ಹೇಳಿದ ಗುಣವು ಇದೇ.

ನಿಜಸಂಗತಿಯನ್ನು ಹೇಳಲು ಉಪಾಧ್ಯಾಯರಿಗೆ ಸ್ವಾತಂತ್ರ್ಯ ಇತ್ತೇ ಎಂಬುದು ಮುಂದಿನ ಪ್ರಶ್ನೆ. ಡೇವಿಡ್ ಮಜಿ ಎಂಬ ಪಂಡಿತರು ೧೯೧೧ರಲ್ಲಿ ಬರೆದ ಅಮೆರಿಕಾದ ಚರಿತ್ರೆಯು ಹೈಸ್ಕೂಲುಗಳಲ್ಲಿ ಬಹಳವಾಗಿ ಬಳಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧದ ತರುವಾಯ, ಇಂತಹ ಪುಸ್ತಕಗಳು ಇಂಗ್ಲೆಂಡಿನ ಪಕ್ಷಪಾತ ಮಾಡುತ್ತವೆ, ಸ್ವಾತಂತ್ರ್ಯಯುದ್ಧದ ವೀರರ ಕೀರ್ತಿಗೆ ಕುಂದು ತರುತ್ತವೆ ಎಂಬ ಕೂಗು ಎದ್ದಿತು. ೧೯೨೩ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು, ಸ್ವಾತಂತ್ರ್ಯಯುದ್ಧದ ಸಂಗತಿಗಳನ್ನು ತಿರುಚುವ, ಇಲ್ಲವೆ ರಾಷ್ಟ್ರಸ್ಥಾಪಕರನ್ನು ಹೀಗಳೆಯುವ ಪುಸ್ತಕಗಳು ಶಾಲೆಯಲ್ಲಿ ಕೂಡದೆಂದು ಕಾನೂನನ್ನೇ ಮಾಡಿತು. ೧೯೨೭ರಲ್ಲಿ ಷಿಕಾಗೋ ನಗರದಲ್ಲಿ ಶಾಲೆಗಳ ಮುಖ್ಯಾಧಿಕಾರಿಯಾದ ವಿಲಿಯಂ ಮ್ಯಾಕ್‌ಆಂಡ್ರೂ ಎಂಬುವರನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಿದರು. ಆಜ್ಞೋಲ್ಲಂಘನೆಯೆಂಬ ಆಪಾದನೆಯಿಂದ ಹೊರಟ ವಿಚಾರಣೆಯು ಚರಿತ್ರೆಯ ಪುಸ್ತಕಗಳ ಮೇಲೆ ಬಂದು ನಿಂತಿತು. ಮಜಿಯವರ ಗ್ರಂಥವೂ ಕಟಕಟೆಯನ್ನೇರಿತು. ೧೯೨೮ರಲ್ಲಿ ಅವರನ್ನು ತಪ್ಪಿತಸ್ಥರೆಂದು ಹೇಳಿದರು. ಮರುವರ್ಷ ನ್ಯಾಯಾಲಯವು ಆ ನಿರ್ಣಯವನ್ನು ತಳ್ಳಿಹಾಕಿತು. ತಮ್ಮ ತಾತಂದಿರನ್ನು ಹೊಗಳಬೇಕೆಂಬುದು ಎಲ್ಲ ದೇಶಗಳ ಜನರಿಗೂ ಸಹಜವಾದ ಆಸೆಯೇ. ಆದರೆ ಹೊಗಳಿಕೆಯು ಕಾನೂನಾದಾಗ ಚರಿತ್ರೆಯ ಗಂಟೆಯು ಹರಿಕಥೆಯ ಗಂಟೆಯಾಗುವುದು, ಭಾಷೆಯ ಗಂಟೆಯು ಬಿರುದಾವಳಿಯ ಗಂಟೆಯಾಗುವುದು. ಹರಿಕಥೆಯ ಮೇಲೆ ನಮಗೆ ಗೌರವವುಂಟು. ಅದಕ್ಕೆ ದೇವಾಲಯದ ಜಗಲಿ ಇದೆ.

ಉಪಾಧ್ಯಾಯರ ಮಾತಿಗೆ ಇದ್ದ ಕಟ್ಟು ಅವರ ಬಾಳಿಗೂ ಇತ್ತು. ಈ ಎರಡು ವಿಷಯಗಳನ್ನು ಕಲಿಸುತ್ತಿದ್ದವರಲ್ಲಿ ಹೆಂಗಸರು ಬಹುಮಂದಿ. ಗಂಡಸರಷ್ಟೇ ಕೆಲಸಕ್ಕೆ ಅವರಿಗೆ ಕಡಿಮೆ ಸಂಬಳ. ನ್ಯೂಯಾರ್ಕ್ ನಗರದ ಉಪಾಧ್ಯಾಯಿನಿಯರು ವರ್ಷಾನುಗಟ್ಟಲೆ ಹೋರಾಡಿ ೧೯೧೧ರಲ್ಲಿ ಸಮಾನ ಸಂಬಳದ ಕಾನೂನನ್ನು ಗಳಿಸಿದರು. ಮದುವೆಯಾದರೆ ಅನೇಕ ಊರುಗಳಲ್ಲಿ ಕೆಲಸವೇ ಹೋಗುತ್ತಿತ್ತು. ೧೯೨೮ರಲ್ಲಿ ಅಲ್ಲಿಯ ರಾಷ್ಟ್ರೀಯ ವಿದ್ಯಾಸಂಘವು ನಗರಗಳಲ್ಲಿ ವಿಚಾರಿಸಿದಾಗ, ಮದುವೆಯಾದವರನ್ನು ಹೊಸದಾಗಿ ನೇಮಿಸಿಕೊಳ್ಳುವುದಿಲ್ಲವೆಂದು ಅರ್ಧಕ್ಕಿಂತ ಹೆಚ್ಚು ನಗರಗಳು ಹೇಳಿದುವು. ನ್ಯೂಯಾರ್ಕಿನ ವಾಡ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹೆನ್ರಿಯೆಟಾ ರಾಡ್‌ಮನ್ ಎಂಬಾಕೆಯು ೧೯೧೪ರಲ್ಲಿ, ಮಕ್ಕಳನ್ನು ಹೆತ್ತ ಉಪಾಧ್ಯಾಯಿನಿಯರನ್ನು ವಿದ್ಯಾಮಂಡಲಿಯು ಬೇಟೆಯಾಡುತ್ತಿರುವುದನ್ನು ಪರಿಹಾಸ್ಯ ಮಾಡಿ ವೃತ್ತಪತ್ರಿಕೆಗೆ ಕಾಗದ ಬರೆದಳು. ಆಕೆಯನ್ನು ಅಮಾನತು ಮಾಡಿದರು. ೧೯೧೫ರ ಜನವರಿಯಲ್ಲಿ ಸಂಸ್ಥಾನದ ವಿದ್ಯಾಧಿಕಾರಿಗಳು, ಹೆರಿಗೆಗಾಗಿ ಹೋಗಿದ್ದ ಉಪಾಧ್ಯಾಯಿನಿಯೊಬ್ಬಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆಜ್ಞೆ ಮಾಡಿದರು. ತಾಯಿಯಾದವಳು ಇತರರ ಮಕ್ಕಳಿಗೆ ಪಾಠ ಹೇಳಲು ಹೇಗೆ ಅಯೋಗ್ಯಳಾಗುವಳೆಂಬುದು ಇಂದಿಗೂ ನಮ್ಮ ಬುದ್ಧಿಗೆ ನಿಲುಕದ ತರ್ಕ.

ಇವೆಲ್ಲಕ್ಕಿಂತ ಕಠಿನವಾದ ಕಟ್ಟೊಂದು ಉಂಟು. ಪುಸ್ತಕದಲ್ಲಿ ತನ್ನ ಹಿರಿಯರ ಹೆಸರೇ ಇಲ್ಲದ ಮಗುವಿಗೆ ಚರಿತ್ರೆಯನ್ನು ಕಲಿಸುವುದು ಹೇಗೆ? ವಾಷಿಂಗ್ಟನ್ ನಗರದಲ್ಲಿ ಆಫ್ರಿಕಾ ಮೂಲದ ಜನರ ಮಕ್ಕಳಿಗಾಗಿ ೧೮೭೦ರಲ್ಲಿ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಪ್ರಾರಂಭವಾದ ಹೈಸ್ಕೂಲೊಂದಿತ್ತು. ೧೮೯೧ರಲ್ಲಿ ಎಮ್ ಬೀದಿಗೆ ಬಂದು ಆ ಬೀದಿಯ ಹೆಸರನ್ನೇ ಪಡೆಯಿತು. ೧೯೧೬ರಲ್ಲಿ ಹೊಸ ಕಟ್ಟಡಕ್ಕೆ ಹೋಗಿ ಡನ್‌ಬಾರ್ ಎಂಬ ಕವಿಯ ಹೆಸರನ್ನು ಧರಿಸಿತು. ಬಿಳಿಯರ ಮಕ್ಕಳೊಡನೆ ಇವರ ಮಕ್ಕಳು ಕೂಡಿ ಓದಬಾರದೆಂಬುದು ಅಂದಿನ ಕಟ್ಟಳೆ. ಎಷ್ಟು ಓದಿದ್ದರೂ ವಿಶ್ವವಿದ್ಯಾನಿಲಯಗಳು ಈ ಜನಾಂಗದ ಪಂಡಿತರಿಗೆ ಬಾಗಿಲು ತೆರೆಯುತ್ತಿರಲಿಲ್ಲವಾಗಿ, ಪ್ರೊಫೆಸರರಾಗತಕ್ಕವರು ಈ ಹೈಸ್ಕೂಲಿನಲ್ಲಿ ಉಪಾಧ್ಯಾಯರಾದರು. ಅವರಲ್ಲಿ ಒಬ್ಬರು ಕಾರ್ಟರ್ ವುಡ್ಸನ್. ಅವರು ಅಲ್ಲಿ ಕಲಿಸುತ್ತಿದ್ದುದು ಚರಿತ್ರೆ, ಇಂಗ್ಲಿಷ್, ಮತ್ತು ಫ್ರೆಂಚ್ ಸ್ಪ್ಯಾನಿಷ್ ಭಾಷೆಗಳು.

ವುಡ್ಸನ್ನರು ಹುಟ್ಟಿದ್ದು ೧೮೭೫ರಲ್ಲಿ, ವರ್ಜೀನಿಯಾ ಸಂಸ್ಥಾನದಲ್ಲಿ. ತಂದೆ ತಾಯಿಗಳು ಹಿಂದೆ ದಾಸ್ಯದಲ್ಲಿದ್ದವರು. ಹುಡುಗನು ಬೆಳೆದು ಕಲ್ಲಿದ್ದಲಿನ ಗಣಿಯಲ್ಲಿ ದುಡಿದನು. ಅಲ್ಲಿ ಅಂತರ್ಯುದ್ಧದಲ್ಲಿ ಕಾದಿದ್ದ ಗಣಿಗಾರನೊಬ್ಬನು, ತನಗೆ ಓದು ಬಾರದಿದ್ದರೂ, ಪುಸ್ತಕಗಳನ್ನೂ ಪತ್ರಿಕೆಗಳನ್ನೂ ತರಿಸಿ ಮನೆಯಲ್ಲಿಟ್ಟಿದ್ದನು. ಸಂಜೆ ಕೂಡಿದ ಗಣಿಗಾರರಿಗೆ ಪತ್ರಿಕೆಯನ್ನು ಓದಿ ಹೇಳುವುದು ಈ ಹುಡುಗನ ಪಾಲಿಗೆ ಬಂತು. ಓದುವವನು ಭಾಷೆಯನ್ನು ಕಲಿತನು. ಕೇಳುವವರು ತಾವು ಕಂಡ ಯುದ್ಧದ ಮಾತನ್ನೆತ್ತಿದಾಗ ಅವನಿಗೆ ಚರಿತ್ರೆಯೂ ದೊರೆಯಿತು. ಜೋಡಿ ಪಾಠಕ್ಕೆ ಇದಕ್ಕಿಂತ ಉತ್ತಮವಾದ ಶಾಲೆಯನ್ನು ನಾವು ಕೇಳಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಹೈಸ್ಕೂಲಿಗೆ ಸೇರಿ ಎರಡು ವರ್ಷದೊಳಗೆ ಮುಗಿಸಿದರು. ೧೯೦೩ರಿಂದ ಕೆಲವು ವರ್ಷ ಫಿಲಿಪೈನ್ ದ್ವೀಪಗಳಲ್ಲಿ ಉಪಾಧ್ಯಾಯರಾಗಿದ್ದು, ಹಿಂದಿರುಗಿ, ವಾಷಿಂಗ್ಟನ್ನಿನಲ್ಲಿ ಪಾಠ ಹೇಳುತ್ತಲೇ ವ್ಯಾಸಂಗ ಮಾಡಿ ೧೯೧೨ರಲ್ಲಿ ಹಾರ್ವರ್ಡಿನಿಂದ ಚರಿತ್ರೆಯಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಫಿಲಿಪೈನಿನ ಒಂದು ಸಂಗತಿಯನ್ನು ಅವರು ೧೯೩೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳಿಂದ ಹೋದ ಉಪಾಧ್ಯಾಯರು ಅಲ್ಲಿಯ ಮಕ್ಕಳಿಗೆ ಸೇಬಿನ ಮರವನ್ನು ಅಲುಗಿಸುವ ಹಾಡನ್ನು ಕಲಿಸಲು ಹೋದರಂತೆ. ಆ ಮಕ್ಕಳು ಸೇಬಿನ ಮರವನ್ನು ಕಂಡವರೇ ಅಲ್ಲ. ಉಪಾಧ್ಯಾಯ ವೃತ್ತಿಯ ಶಿಕ್ಷಣವೇ ಇಲ್ಲದ ಒಬ್ಬನು, ಮೊದಲು ವಿಮೆಯ ಕೆಲಸದಲ್ಲಿದ್ದವನು, ಸೇಬನ್ನು ಬಿಟ್ಟು ಲೊಂಬೊಯ್ ಮರವನ್ನು ಹಿಡಿದನು. ಆ ಲೊಂಬೊಯ್ ಎಂಬುದು ಬೇರೇನೂ ಅಲ್ಲ, ನಮ್ಮ ನೇರಳೆಯೇ. ಮಕ್ಕಳು ದಿನವೂ ಏರಿ ಅಲುಗಿಸುತ್ತಿದ್ದ ಮರ! ನಾಲಿಗೆ ನೀಲಿಯಾದ ಮಕ್ಕಳಿಗೆ ಭಾಷೆ ಒಡನೆಯೇ ಹತ್ತಿತು. ವಾಷಿಂಗ್ಟನ್ನನ ಕಥೆಗೆ ಬದಲು ಅವನು ಅವರದೇ ದೇಶಭಕ್ತನಾದ ಹೊಸೆ ರಿಸಾಲನ ಕಥೆಯಿಂದ ಮೊದಲು ಮಾಡಿದನು. ಮಗುವಿಗೆ ಗೊತ್ತಿರುವ ಮರದಿಂದ ಹೊರಟು ಗೊತ್ತಿಲ್ಲದ ಕಾಡಿಗೆ ಹೋಗಬೇಕೆಂಬುದು ಇದರ ನೀತಿ.

ತಮ್ಮ ವಿದ್ಯಾರ್ಥಿಗಳಿಗೆ ಅಂತಹ ನೇರಳೆಯ ಮರವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲವೆಂಬುದನ್ನು ವುಡ್ಸನ್ನರು ಕಂಡರು. ಅವರ ಹಿರಿಯರು ಆ ಪುಸ್ತಕಗಳಲ್ಲಿ ಬಂದರೆ ದಾಸರಾಗಿ ಬರುವರು, ಇಲ್ಲದಿದ್ದರೆ ಬರುವುದೇ ಇಲ್ಲ. ದೂರಿಕೊಂಡು ಕುಳಿತುಕೊಳ್ಳದೆ ಅವರು ೧೯೧೫ರಲ್ಲಿ ತಮ್ಮ ಜನಾಂಗದ ಚರಿತ್ರೆಯನ್ನು ಸಂಶೋಧಿಸುವ ಸಂಘವೊಂದನ್ನು ಸ್ಥಾಪಿಸಿದರು; ೧೯೧೬ರಲ್ಲಿ ಅದಕ್ಕೆ ಪತ್ರಿಕೆಯೊಂದನ್ನು ಹೊರಡಿಸಿದರು; ೧೯೨೨ರಲ್ಲಿ ಶಾಲೆಗಳಿಗೆ ಯೋಗ್ಯವಾದ ಚರಿತ್ರೆಯನ್ನು ತಾವೇ ಬರೆದರು; ೧೯೨೬ರ ಫೆಬ್ರವರಿಯಲ್ಲಿ, ಅಂದಿನ ಮಾತಿನಲ್ಲಿ ‘ನೀಗ್ರೋ ಚರಿತ್ರೆಯ ವಾರ’ವೆಂದು ಹೆಸರಿಟ್ಟ ಒಂದು ವಾರವನ್ನು ಆಚರಣೆಗೆ ತಂದರು. ೧೯೭೬ರಿಂದ ಆ ವಾರವು ತಿಂಗಳಾಗಿ ಬೆಳೆದಿದೆ. ೧೯೫೪ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಜನಾಂಗಕ್ಕೊಂದು ಸಾರ್ವಜನಿಕ ಶಾಲೆಯೆಂಬ ಕಟ್ಟಳೆಯನ್ನು ಅಸಿಂಧುವೆಂದು ಸಾರಿತು. ಅದನ್ನು ನೋಡಲು ವುಡ್ಸನ್ನರು ಇರಲಿಲ್ಲ, ೧೯೫೦ರಲ್ಲಿಯೇ ತೀರಿಕೊಂಡಿದ್ದರು. ಶೋಧಿಸಿ ನಿಜವನ್ನು ಕಾಣುವುದು ಚರಿತ್ರೆಯ ಕೆಲಸ, ಅದನ್ನು ಹದಿನೈದು ವರ್ಷದ ಮಗುವಿಗೆ ತಿಳಿಯುವಂತೆ ಬರೆಯುವುದು ಭಾಷೆಯ ಕೆಲಸ. ಎರಡು ಕೈಗಳೂ ಕೂಡಿದ್ದರಿಂದಲೇ ಆ ಹೈಸ್ಕೂಲಿನ ಉಪಾಧ್ಯಾಯರಿಂದ ಇಷ್ಟು ನಡೆಯಿತು.

೧೮೯೦ರಲ್ಲಿ ೨ ಲಕ್ಷವಿದ್ದ ಅಮೆರಿಕಾದ ಹೈಸ್ಕೂಲು ವಿದ್ಯಾರ್ಥಿಗಳು ೧೯೪೦ರ ವೇಳೆಗೆ ೬೬ ಲಕ್ಷವಾದರು. ಶಾಲೆಗಳು ದೊಡ್ಡವಾದುವು, ವಿಷಯಕ್ಕೊಬ್ಬ ಉಪಾಧ್ಯಾಯರು ಬಂದರು. ಅದು ಒಳ್ಳೆಯದೇ. ಒಬ್ಬರ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿದ ಕಾಲವು ಮರಳಿ ಬರಲೆಂದು ನಾವು ಹಾರೈಸುವುದಿಲ್ಲ. ಆ ಇಪ್ಪತ್ತು ಗಂಟೆ ಕೆಂಪು ಮಸಿಯನ್ನು ಬಲ್ಲವರಾರೂ ಹಾಗೆ ಹಾರೈಸಲಾರರು. ಆದರೆ ಶಾಲೆಯಲ್ಲಿ ಬೇರೆಯಾದ ಆ ಎರಡು ಗಂಟೆಗಳು ಮನೆಯಲ್ಲಿ ಒಂದಾಗಬಹುದು. ಮನೆಯ ಹಿರಿಯರು ವೇಳಾಪಟ್ಟಿಗೆ ಒಳಪಟ್ಟವರಲ್ಲ. ಇತಿಹಾಸವೆಂಬ ಪದವನ್ನೇ ಬಿಡಿಸಿದರೆ ‘ಹೀಗೆಯೇ ಇತ್ತು’ ಎಂದು ಅರ್ಥ. ಹೀಗೆಯೇ ಇತ್ತೇ ಎಂದು ಕೇಳುವುದು ಒಂದು ಪಾಠ. ಇದ್ದುದನ್ನು ಇದ್ದ ಹಾಗೆ ಹೇಳಿದೆಯಾ ಎಂದು ಕೇಳುವುದು ಮತ್ತೊಂದು ಪಾಠ. ಮಗುವು ಬರೆದ ಚರಿತ್ರೆಯ ಉತ್ತರವನ್ನು ತಾಯಿಯೋ ತಂದೆಯೋ ಅಜ್ಜನೋ ಒಮ್ಮೆ ಗಟ್ಟಿಯಾಗಿ ಓದಿಸಿ, ಈ ಎರಡು ಪ್ರಶ್ನೆಗಳನ್ನು ಪ್ರೀತಿಯಿಂದ ಕೇಳಿದರೆ ಸಾಕು. ಉತ್ತರಕ್ಕೆ ಅರ್ಧ ನಿಮಿಷದ ಗಡುವನ್ನು ಮಾತ್ರ ಹಾಕಬಾರದು. ಮಗುವು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಇರಲಿ. ಅದು ಯೋಚಿಸುತ್ತಿದೆಯೆಂದು ತಿಳಿಯೋಣ.